ಕೊಂಬಿನೊಳಗೆ ಉಳಿದ ಉಸಿರು

ನಾನು ಒಂದು ಕೊಂಬು. ಯಾರಿಗಾದರೂ ಸೊಕ್ಕು ಏರಿದರೆ "ನಿನಗೇನು ಕೊಂಬು ಬಂದಿದೆಯಾ?" ಎಂದು ಕೇಳುತ್ತೀರಲ್ಲ, ಆ ಜಾತಿಯವನೇ. ಬೆಳೆದದ್ದು ಒಂದು ಎಮ್ಮೆಯ ತಲೆಯ ಮೇಲೆ, ಎಡಗಡೆ. ಎಮ್ಮೆ ಸತ್ತ ಮೇಲೆ ಬೇಟೆಗಾರ ಮಂಚಯ್ಯ ನನ್ನನ್ನು ನೀರಿನಲ್ಲಿ ಕುದಿಸಿ, ಒಳಗಿನ ಮೂಳೆ ಕಿತ್ತು, ತುದಿ ಕೊಯ್ದು, ಕಾದ ಸಲಾಕೆಯಿಂದ ತೂತು ಹಾಕಿದ. ಮೊದಲ ಸಲ ಊದಿದಾಗ ಊರಿನ ನಾಯಿಗಳೆಲ್ಲ ಬೊಗಳಿದವು. ಆ ದಿನ ನನಗೂ ಸ್ವಲ್ಪ ಕೊಂಬು ಬಂತು.

ಆಗಿನ್ನೂ ಕಬಿನಿಗೆ ಅಣೆಕಟ್ಟು ಬಂದಿರಲಿಲ್ಲ. ಮಂಚಯ್ಯನ ಊರಿನಲ್ಲಿ ಹೊಲ ಮುಗಿದಲ್ಲೇ ಕಾಡು ಶುರು. ಹಂದಿಗಳು ಬೆಳೆ ತಿನ್ನುತ್ತಿದ್ದವು, ಊರವರು ಹಂದಿ ತಿನ್ನುತ್ತಿದ್ದರು. ಬೇಟೆಯವರಿಗೆ ಒಂದು ಕಟ್ಟಳೆ ಇತ್ತು. ಹೊತ್ತು ಮುಳುಗಿದ ಮೇಲೆ ಕಾಡಿನಲ್ಲಿ ಯಾರೂ ಯಾರ ಹೆಸರನ್ನೂ ಕೂಗಬಾರದು. ಕೂಗಿದರೆ ಕಾಡಿನಲ್ಲಿರುವ ಯಾವುದೋ ಒಂದು ಆ ಹೆಸರನ್ನು ಕಲಿತುಬಿಡುತ್ತದೆ, ಆಮೇಲೆ ಗೊತ್ತಿದ್ದವರ ದನಿಯಲ್ಲೇ ಕರೆಯುತ್ತದೆ, ಓಗೊಟ್ಟವನು ಮನೆಗೆ ಬರುವುದಿಲ್ಲ. ಆದ್ದರಿಂದ ದೂರ ಹೋದವನು "ಕೂ" ಎನ್ನಬೇಕು, ಉಳಿದವನು ನನ್ನನ್ನು ಊದಬೇಕು. ನನ್ನ ಸದ್ದು ಹಿಡಿದು ಅವನು ಬಂದು ಸೇರುತ್ತಿದ್ದ.

ಒಂದು ಸಂಜೆ ಮಂಚಯ್ಯ ಹೆಂಡತಿಯ ತಮ್ಮ ಬೋರಲಿಂಗನನ್ನು ಕರೆದುಕೊಂಡು ಹೊರಟ. ಬೋರನಿಗೆ ಅದೇ ಮೊದಲ ಬೇಟೆ. ಹಂದಿಗೆ ಗುಂಡು ತಗುಲಿತು, ಆದರೆ ಬೀಳಲಿಲ್ಲ. ನೆತ್ತರ ಜಾಡು ಹಳ್ಳದ ಕಡೆ ಇಳಿದಿತ್ತು. ಮಂಚಯ್ಯ ನನ್ನನ್ನು ಬೋರನ ಕೊರಳಿಗೆ ಹಾಕಿದ.

"ಇಲ್ಲೇ ಕುಂತಿರು. ನಾ ಕೂ ಅಂದ್ರೆ ಊದು. ಹೆಸ್ರಿಡಿದು ಯಾರೇ ಕರದ್ರೂ ಉಸ್ರೆತ್ಬ್ಯಾಡ. ಅದು ನಾನಲ್ಲ."

"ಬಿರ್ನೆ ಬಂದ್ಬುಡು ಭಾವ."

ಕತ್ತಲಾಯಿತು. ಬೋರ ಮತ್ತಿಮರಕ್ಕೆ ಬೆನ್ನು ಒತ್ತಿ ಕುಳಿತ. ಎಲೆ ಬಿದ್ದರೆ ಹೆಜ್ಜೆ ಎನಿಸಿತು. ಎಲೆ ಬೀಳದಿದ್ದರೆ ಯಾರೋ ಹೆಜ್ಜೆ ತಡೆದು ನಿಂತಿದ್ದಾರೆ ಎನಿಸಿತು. ಎಲ್ಲೋ ಕಡವೆ ಒಮ್ಮೆ ಕೂಗಿ ಸುಮ್ಮನಾಯಿತು. ಬೆನ್ನಿಗೆ ಇನ್ನೂ ಮರವೇ ಇದೆಯೇ ಎಂದು ಅವನು ಕೈ ಹಿಂದೆ ಮಾಡಿ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದ. ನನ್ನ ಎಮ್ಮೆ ಹುಲಿಯ ಎದುರು ನಿಂತಾಗಲೂ ನಾನು ಅದರ ತಲೆಯ ಮೇಲಿದ್ದೆ. ಇಂಥ ಹೆದರಿಕೆಯನ್ನು ಕಂಡಿರಲಿಲ್ಲ.

ಆಗ ಹಳ್ಳದಿಂದ ದನಿ ಬಂತು. "ಬೋರಾ..."

ಮಂಚಯ್ಯನದೇ ದನಿ. ಕೂ ಅಲ್ಲ, ಹೆಸರು. "ಬೋರಾ... ಬಾರ್ಲಾ..."

ಬೋರ ನನ್ನನ್ನು ಬಾಯಿಗಿಟ್ಟ. ಅವನ ಬಿಸಿ ಉಸಿರು ನನ್ನೊಳಗೆ ಬಂತು, ಸದ್ದಾಗುವಷ್ಟು ಬರಲಿಲ್ಲ. ಎರಡೂ ಕೈಯಿಂದ ನನ್ನ ಬಾಯಿ ಮುಚ್ಚಿಕೊಂಡು ಕುಳಿತ. ದನಿ ಹತ್ತಿರವಾಗುತ್ತಾ, ಸಣ್ಣದಾಗುತ್ತಾ ಬಂತು. ಹತ್ತಿರವಾದಷ್ಟೂ ಅವನು ನನ್ನ ಬಾಯಿಯನ್ನು ಇನ್ನಷ್ಟು ಒತ್ತಿ ಹಿಡಿದ. ಆಮೇಲೆ ದನಿ ನಿಂತಿತು.

ಬೆಳಕು ಹರಿದಾಗ ಮಂಚಯ್ಯ ಸಿಕ್ಕಿದ. ಹಂದಿ ಅವನ ಹೊಟ್ಟೆ ಸೀಳಿತ್ತು. ಹಳ್ಳದಿಂದ ತೆವಳಿಕೊಂಡು ಬಂದು ಪ್ರಾಣ ಬಿಟ್ಟಿದ್ದ. ಅಲ್ಲಿಂದ ಮತ್ತಿಮರ ಕಾಣುತ್ತಿತ್ತು. ಕಟ್ಟಳೆ ಕಲಿಸಿದವನೇ ನೋವಿನಲ್ಲಿ ಕಟ್ಟಳೆ ಮರೆತಿದ್ದ.

ಅವನ ಹೆಂಡತಿ ಚೆನ್ನಾಜಮ್ಮ ತಮ್ಮನನ್ನು ಒಂದೇ ಮಾತು ಕೇಳಿದಳು. "ಅವ್ರು ಕೂಗ್ಲಿಲ್ವಾ?"

"ಇಲ್ಲ ಕಣಕ್ಕ."

ಅಂದಿನಿಂದ ಹೊತ್ತು ಮುಳುಗಿದೊಡನೆ ಬೋರ ಹೊಲದ ಬದುವಿನ ಮೇಲೆ ನಿಂತು, ಕಾಡಿನ ಕಡೆಗೆ ನನ್ನನ್ನು ಊದುತ್ತಿದ್ದ. ತುಟಿ ಒಡೆಯುವಷ್ಟು ಊದುತ್ತಿದ್ದ. ವರ್ಷಗಳು ಕಳೆದವು. ಊರವರು ಹುಚ್ಚ ಎಂದರು. ನನಗೂ ಆ ಕೆಲಸ ಬೇಡವಾಗಿತ್ತು. ಊದಿದ ಮೇಲೆ ಅವನು ಕಿವಿಗೊಟ್ಟು ನಿಲ್ಲುತ್ತಿದ್ದ, ಅವನ ಜೊತೆ ನಾನೂ ಕಾಯುತ್ತಿದ್ದೆ.

ಒಂದು ಸಂಜೆ ಚೆನ್ನಾಜಮ್ಮ ಬಂದು ಪಕ್ಕದಲ್ಲಿ ನಿಂತಳು. "ಕೂಗಿದ್ರು, ಅಲ್ವೇನಪ್ಪ?"

ಬೋರ ನನ್ನನ್ನು ತುಟಿಯಿಂದ ತೆಗೆದ. "ಹೆಸ್ರಿಡಿದು ಕೂಗುದ್ರು ಕಣಕ್ಕ. ನಾನು ಕಾಡಿಂದು ಅಂದ್ಕಂಡೆ."

ಅವಳು ನನ್ನನ್ನು ಅವನ ಕೊರಳಿಂದ ತೆಗೆದಳು. "ಸಾಕು, ಊದ್ಬ್ಯಾಡ. ಅವ್ರು ಸದ್ದಿಡಿದು ಎದ್ದು ಬಂದ್ರೆ, ಆ ನೋವಲ್ಲಿ ಎಷ್ಟು ದೂರ ಅಂತ ತೆವುಳ್ತಾರೆ?"

ಈಗ ನಾನು ಅವಳ ಅಟ್ಟದ ಮೊಳೆಯಲ್ಲಿ ನೇತಾಡುತ್ತಿದ್ದೇನೆ. ಒಳಗೆ ಜೇಡ ಬಲೆ ಕಟ್ಟಿದೆ. ಬೇಟೆ ನಿಂತಿತು, ಬೋರನೂ ತೀರಿಕೊಂಡ. ಅವನು ಅಂದು ಊದದೆ ಬಿಟ್ಟ ಉಸಿರು ಮಾತ್ರ ನನ್ನೊಳಗೆ ಹಾಗೇ ಇದೆ ಎಂದು ನನಗೆ ಅನಿಸುತ್ತದೆ.

ಚೆನ್ನಾಜಮ್ಮ ಎಂದೂ ಗಂಡನ ಹೆಸರು ಹೇಳಿದವಳಲ್ಲ. ಜನಗಣತಿಯವರು ಕೇಳಿದಾಗಲೂ ನಾಚಿಕೊಂಡು ಪಕ್ಕದ ಮನೆಯವಳಿಂದ ಹೇಳಿಸಿದ್ದಳು. ಆದರೆ ಈಗೀಗ ಹೊತ್ತು ಮುಳುಗಿದ ಮೇಲೆ ಒಮ್ಮೊಮ್ಮೆ ಹಿತ್ತಿಲ ಬಾಗಿಲು ತೆಗೆದು, ಕಾಡಿನ ಕಡೆ ಮುಖ ಮಾಡಿ ಕರೆಯುತ್ತಾಳೆ.

"ಮಂಚಯ್ಯಾ..."

ಯಾರೂ ಓಗೊಡುವುದಿಲ್ಲ. ಓಗೊಡುವುದಿಲ್ಲ ಎಂದು ಗೊತ್ತಿದ್ದೇ ಅವಳು ಕರೆಯುತ್ತಾಳೆ. ಕತ್ತಲಲ್ಲಿ ಹೆಸರು ಹಿಡಿದು ಕರೆಯಬಾರದು, ಕರೆದರೆ ಓಗೊಡಬಾರದು. ಮಂಚಯ್ಯ ಆ ಕಟ್ಟಳೆ ಮುರಿದದ್ದು ಒಂದೇ ಸಲ.