ಬೀಗರನ್ನು ಕೇಳದ ಮಾತು

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಗೌಸ್ ಪೀರ್, ಬೋರಣ್ಣ ಬಂದದ್ದನ್ನು ಕಂಡೂ ಎದ್ದೇಳಲಿಲ್ಲ. ಸತ್ತವನ ಜೊತೆ ಹರಿಹರದ ಪೇಟೆಯಲ್ಲಿ ಮೂಟೆ ಹೊತ್ತವನು ಗೌಸ್ ಪೀರ್.

"ಆ ತುದಿ ಹಿಡೀರಿ. ಬೀಗ್ರು ಅಂತ ನಿಂತ್ರೆ ಹಗ್ಗ ತಾನಾಗೇ ಬಿಗ್ಯಾದಿಲ್ಲ."

ಬೋರಣ್ಣ ತುದಿ ಹಿಡಿದ. ಸತ್ತ ಸಣ್ಣತಿಮ್ಮಪ್ಪನ ಮಗನಿಗೇ ಅವನು ತನ್ನ ಮಗಳು ಕಮಲಳನ್ನು ಕೊಟ್ಟಿದ್ದ. ಹೆಣದ ಪಕ್ಕದಲ್ಲಿ ಸಣ್ಣತಿಮ್ಮಪ್ಪನ ಹೆಂಡತಿ ಕೆಂಚಕ್ಕ ಅಳದೆ ಕೂತಿದ್ದಳು. ದಾವಣಗೆರೆಯಿಂದ ಹಾರ ತಂದಿದ್ದ ಮಾಲತೇಶಪ್ಪ, ಇಂಥ ನಿಯತ್ತಿನ ಮನುಷ್ಯ ಸಿಗುವುದಿಲ್ಲವೆಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಅವನು ದಾವಣಗೆರೆಯ ರೇಷನ್ ಗೋದಾಮಿನ ಮ್ಯಾನೇಜರ್. ಸಣ್ಣತಿಮ್ಮಪ್ಪ ಹಿಂದೆ ಅಲ್ಲಿ ಜವಾನನಾಗಿದ್ದ. ಬೋರಣ್ಣ ಈಗಲೂ ಅಲ್ಲೇ ಜವಾನ.

*

ಐವತ್ತೊಂಬತ್ತನೇ ಇಸವಿಯಲ್ಲಿ, ಗೋದಾಮಿನ ಅಕ್ಕಿ ಮೂಟೆ ಹೊತ್ತು ಹೊರಟಿದ್ದನೆಂದು ಸಣ್ಣತಿಮ್ಮಪ್ಪನ ಮೇಲೆ ಇಲಾಖೆ ವಿಚಾರಣೆ ನಡೆಯಿತು. ಹೊತ್ತದ್ದು ನಿಜ. ತನ್ನ ಮನೆಗೆ ಮುಟ್ಟಿಸು ಎಂದು ಹೊರಿಸಿದವನು ಮಾಲತೇಶಪ್ಪ. ಗೇಟಿನಲ್ಲಿ ಹಿಡಿದಾಗ ತನಗೇನೂ ಗೊತ್ತಿಲ್ಲ ಎಂದುಬಿಟ್ಟ. ಹೊರಿಸಿದ್ದನ್ನು ಕಂಡಿದ್ದವನು ಬೋರಣ್ಣ ಒಬ್ಬನೇ.

ವಿಚಾರಣೆಗೆ ಬಂದ ಅಧಿಕಾರಿ ಮೊದಲೇ ನಿಯಮ ಹೇಳಿದ್ದರು. ಸಾಕ್ಷಿ ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು. ಆಮೇಲೆ ಆಪಾದನೆ ಹೊತ್ತವನು ಸಾಕ್ಷಿಯನ್ನು ಏನು ಬೇಕಾದರೂ ಕೇಳಬಹುದು.

ಮೂಟೆ ಹೊತ್ತದ್ದು ನೋಡಿದೆಯಾ ಎಂದರು. ನೋಡಿದೆ ಎಂದ ಬೋರಣ್ಣ. ಯಾರು ಹೊರಿಸಿದರು ಎಂದು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ಮ್ಯಾನೇಜರ್ ಬಾಗಿಲಲ್ಲೇ ನಿಂತಿದ್ದ. ಬೀಗ ಕೇಳಿದರೆ ಹೇಳಿಯೇಬಿಡುತ್ತೇನೆ ಎಂದುಕೊಂಡು ಅವನ ಮುಖ ನೋಡಿದ.

ಮಕ್ಕಳ ಮದುವೆಯಾಗಿ ಆಗಿನ್ನೂ ತಿಂಗಳು. ಹೆಣ್ಣು ಕೊಟ್ಟ ಬೀಗರನ್ನು ನಾಲ್ಕು ಜನರೆದುರು ನಿಲ್ಲಿಸಿ ಪ್ರಶ್ನೆ ಹಾಕುವುದು ಅವರ ಪೈಕಿ ಯಾರೂ ಮಾಡದ ಕೆಲಸ.

"ಬೀಗ್ರು ಸ್ವಾಮಿ," ಎಂದ ಸಣ್ಣತಿಮ್ಮಪ್ಪ. "ಅವ್ರನ್ನ ನಾನು ಹೆಂಗೆ ಕೇಳ್ಲಿ? ಅವ್ರು ಹೇಳಿದ್ದೇ ಆತು."

ಅಧಿಕಾರಿ ಅದನ್ನು ತಪ್ಪೊಪ್ಪಿಗೆ ಎಂದೇ ತಿಳಿದರು. ಕೆಲಸ ಹೋಯಿತು. ಕಳ್ಳನೆಂಬ ಹೆಸರು, ಅವನು ಮೂಟೆ ಹೊರಲು ಹೋದ ಹರಿಹರದವರೆಗೂ ಜೊತೆಯಲ್ಲೇ ಬಂತು.

*

ಹೆಣವನ್ನು ಚಟ್ಟದ ಮೇಲೆ ಮಲಗಿಸಿದರು. ಬೋರಣ್ಣ ಮುಂದಿನ ಬಿದಿರಿಗೆ ಕೈ ಹಾಕಿದ.

"ನಿಲ್ರಿ ಬೀಗ್ರೇ," ಎಂದಳು ಕೆಂಚಕ್ಕ. "ಇವ್ರು ಮರ್ಯಾದಿ ಅಂತ ಕೇಳ್ಲಿಲ್ಲ. ನನಗೆ ಆ ಮರ್ಯಾದಿ ಬ್ಯಾಡ. ಅವತ್ತು ಮೂಟಿ ಹೊರ್ಸಿದ್ದು ಯಾರು? ಹೇಳಿ, ಆಮ್ಯಾಲೆ ಹೆಗಲು ಕೊಡ್ರಿ."

ಅಂಗಳದಲ್ಲಿದ್ದವರೆಲ್ಲ ಬೋರಣ್ಣನ ಕಡೆ ತಿರುಗಿದರು.

"ಹೆಣದ ಮುಂದೆ ಇದೆಲ್ಲ ಯಾಕವ್ವಾ," ಎಂದ ಮಾಲತೇಶಪ್ಪ.

"ಹೆಣ ಹೋದ್ಮ್ಯಾಲೆ ನೀವು ಸಿಗ್ತೀರೇನ್ರಿ?" ಎಂದ ಗೌಸ್ ಪೀರ್.

ಬೋರಣ್ಣ ನೆಲ ನೋಡಿದ. "ಮ್ಯಾನೇಜರು ಹೊರ್ಸಿದ್ರು."

ಕೆಂಚಕ್ಕ ತಲೆಯಾಡಿಸಿ ಸೆರಗು ಸರಿಮಾಡಿಕೊಂಡಳು. ಮಾಲತೇಶಪ್ಪ ಚಪ್ಪಲಿ ಹುಡುಕತೊಡಗಿದ. ಕಮಲ ಅಪ್ಪನ ಹತ್ತಿರ ಬಂದು ನಿಂತಳು.

"ಇಷ್ಟೇನಾ ಅಪ್ಪಾ? ಎರಡೇ ಮಾತಾ?"

ಬೋರಣ್ಣ ಮತ್ತೆ ಬಿದಿರಿಗೆ ಕೈ ಹಾಕಿದ.

ಗೌಸ್ ಪೀರ್ ಎತ್ತಿರೆಂದ. ಮೂಟೆ ಹೊತ್ತ ಮೈ, ಭಾರವಿದ್ದೀತೆಂದು ಬೋರಣ್ಣ ಇದ್ದ ಶಕ್ತಿಯನ್ನೆಲ್ಲ ಹಾಕಿ ಎತ್ತಿದ. ಹೆಣದಲ್ಲಿ ತೂಕವೇ ಇರಲಿಲ್ಲ. ಅವನ ಬದಿ ಮಾತ್ರ ಮೇಲೆದ್ದು ಚಟ್ಟ ವಾಲಿತು. ಸರಿಮಾಡಲು ಅವನು ಮೊಣಕಾಲು ಬಗ್ಗಿಸಿದ, ತಲೆ ತಗ್ಗಿಸಿದ, ಹಾಗೆಯೇ ಕುಗ್ಗಿಕೊಂಡು ಸ್ಮಶಾನದವರೆಗೂ ನಡೆದ.