ದೊಡ್ಡಮ್ಮನ ಕಾವು

ಹೆಬ್ಬಾವು ನಡುಗುವುದನ್ನು ನಾನು ಮೊದಲು ನೋಡಿದ್ದು ಗಾಜು ಒರೆಸುವಾಗ. ಹದಿನಾಲ್ಕು ಅಡಿಯ ಮೈ ಸುರುಳಿ ಸುತ್ತಿ, ಅದರ ಮೇಲೆ ತಲೆಯಿಟ್ಟುಕೊಂಡು, ಬಿಕ್ಕಳಿಕೆ ಬಂದವರ ಹಾಗೆ ಬಿಟ್ಟು ಬಿಟ್ಟು ಅದುರುತ್ತಿತ್ತು. ಕಾಯಿಲೆ ಎಂದುಕೊಂಡು ಓಡಿಹೋಗಿ ಮಾವನನ್ನು ಕರೆತಂದೆ.

ಮಾವ ಎಂದರೆ ಅಮ್ಮನ ಅಣ್ಣ. ಮೃಗಾಲಯದ ಹಾವಿನ ಮನೆಯನ್ನು ಇಪ್ಪತ್ತಾರು ವರ್ಷದಿಂದ ನೋಡಿಕೊಳ್ಳುತ್ತಿದ್ದವರು. ಶಾಲೆ ಬಿಟ್ಟು ಮನೆಯಲ್ಲಿ ಕುಳಿತಿದ್ದ ನನಗೆ ಅಲ್ಲಿ ನೆಲ, ಗಾಜು ತೊಳೆಯುವ ಕೆಲಸ ಕೊಡಿಸಿದ್ದೂ ಅವರೇ. "ಇವಳಿಗೆ ಬಾಯಿಲ್ಲ, ಹಾವಿಗೆ ಕಿವಿಯಿಲ್ಲ. ಜೋಡಿ ಸರಿಹೋಯ್ತು" ಎಂದು ಮೊದಲ ದಿನವೇ ಎಲ್ಲರನ್ನೂ ನಗಿಸಿದ್ದರು.

"ಕಾಯಿಲೆ ಅಲ್ಲ ಕಣೇ ಗುಬ್ಬಿ" ಎಂದರು ಗಾಜಿಗೆ ಮೂಗು ತಾಗಿಸಿ. "ದೊಡ್ಡಮ್ಮ ಮೊಟ್ಟೆ ಇಟ್ಟಿದ್ದಾಳೆ. ಅವಳ ಮೈಯಲ್ಲಿ ಬಿಸಿ ಇಲ್ವಲ್ಲ, ನಡುಗಿ ನಡುಗಿ ಕಾವು ಹುಟ್ಟಿಸ್ತಾಳೆ. ಎರಡು ತಿಂಗಳು ಊಟ ಮುಟ್ಟಲ್ಲ. ನಿಮ್ಮತ್ತೆಗೆ ಒಂದು ಹೊತ್ತು ಊಟ ತಪ್ಪಲಿ, ಮನೆ ಮಂದಿಯೆಲ್ಲಾ ಅನುಭವಿಸ್ಬೇಕು!"

ನಗುತ್ತಲೇ, ಗಾಜಿನ ಹತ್ತಿರ ಬರುತ್ತಿದ್ದವರನ್ನು ದೂರ ಕಳಿಸಿದರು. ಹಿಂದಿನ ಸಲ ಜನ ಗಾಜು ಬಡಿದು ಬಡಿದು, ಅದು ಬೆದರಿ ಸುರುಳಿ ಬಿಚ್ಚಿ, ಮೊಟ್ಟೆಯೆಲ್ಲ ಒಣಗಿಹೋಗಿದ್ದವು. ಗಂಡು ಹಾವು ಕಳೆದ ಚಳಿಗಾಲದಲ್ಲಿ ಸತ್ತಿತ್ತು. ಮಾವನ ನಿವೃತ್ತಿಗೆ ಉಳಿದಿದ್ದು ಮೂರು ತಿಂಗಳು. ಇವೇ ಕೊನೆಯ ಮೊಟ್ಟೆಗಳು.

ಮತ್ತೆ ಹಾಗಾಗಬಾರದೆಂದು ಅಂದೇ ಮೃಗಾಲಯದ ಡಾಕ್ಟರು ಮತ್ತು ಮಾವ ಸೇರಿ ಇಪ್ಪತ್ತೆರಡು ಮೊಟ್ಟೆಗಳನ್ನು ತೆಗೆದು ಹಿಂದಿನ ಕೋಣೆಯಲ್ಲಿದ್ದ, ಕರೆಂಟಿನಿಂದ ಕಾವು ಕೊಡುವ ಬಿಸಿಪೆಟ್ಟಿಗೆಯಲ್ಲಿಟ್ಟರು. ನನ್ನನ್ನು ಹೊರಗೆ ಕಳಿಸಿದ್ದರಿಂದ ಅವರು ಮಾಡಿದ್ದೇನೆಂದು ನಾನು ನೋಡಲಿಲ್ಲ. ಆಮೇಲೆ ಹೆಬ್ಬಾವಿನ ಮೈಯನ್ನೂ ಗೂಡನ್ನೂ ತೊಳೆದೆವು.

"ಮೊಟ್ಟೆ ವಾಸನೆ ಒಂಚೂರೂ ಉಳೀಬಾರ್ದು. ಉಳಿದ್ರೆ ಬರೀ ನೆಲಕ್ಕೇ ಕಾವು ಕೊಡ್ತಾ ಕೂತ್ಕೊಂಡು ಸಾಯ್ತಾಳೆ" ಎಂದರು ಮಾವ.

ಹತ್ತನೆಯ ದಿನ ಮಾವ ರಜೆಯಲ್ಲಿದ್ದರು. ಬಿಸಿಪೆಟ್ಟಿಗೆಯ ಗಾಜು ಒರೆಸಲು ಹೋದಾಗ ಎರಡು ಮೊಟ್ಟೆಗಳ ಮೇಲೆ ಬೂಷ್ಟು ಕಂಡಿತು. ಎಲ್ಲದರ ಮೇಲೂ ಪೆನ್ಸಿಲಿನ ಗೀಟು ಬೇರೆ. ಯಾರೋ ಗೀಚಿದ್ದಾರೆ ಎಂದುಕೊಂಡೆ. ಯಾರನ್ನಾದರೂ ಕೇಳಬಹುದಿತ್ತು. ಕೇಳುವುದೆಂದರೆ ಡಾಕ್ಟರ ಬಾಗಿಲು ತಟ್ಟಬೇಕು, ಅವರು ತಲೆಯೆತ್ತುವವರೆಗೆ ನಿಲ್ಲಬೇಕು. ಅದಕ್ಕಿಂತ ಒದ್ದೆ ಬಟ್ಟೆ ಸುಲಭವಾಗಿತ್ತು. ಒಂದೊಂದನ್ನೇ ಎತ್ತಿ, ಸುತ್ತಲೂ ತಿರುಗಿಸಿ ಒರೆಸಿ, ಮೊದಲಿದ್ದ ಹಾಗೇ ಸಾಲಾಗಿ ಜೋಡಿಸಿದೆ. ಬೆಳ್ಳಗೆ ಚೆನ್ನಾಗಿ ಕಂಡವು. ಮಾವನಿಗೆ ಖುಷಿಯಾಗುತ್ತದೆ ಎಂದುಕೊಂಡೆ.

ಮರುದಿನ ಮಾವ ಪೆಟ್ಟಿಗೆಯ ಮುಂದೆ ನಿಂತೇ ಇದ್ದರು.

"ಗೀಟೆಲ್ಲಿ ಹೋಯ್ತು? ಮೇಲಿನ ಮಗ್ಗುಲು ಯಾವುದೂಂತ ಹಾಕಿದ್ದು. ಒಳಗಿನ ಮರಿ ಮೇಲಿನ ಸಿಪ್ಪೆಗೆ ಅಂಟ್ಕೊಂಡಿರುತ್ತೆ. ತಿರುಗಿಸಿದ್ರೆ ಮೊಟ್ಟೆ ರಸದಲ್ಲೇ ಮುಳುಗಿ ಸತ್ತುಹೋಗುತ್ತೆ." ನನ್ನ ಕಡೆ ತಿರುಗಿದರು. "ಗುಬ್ಬಿ, ನೀನೇನಾದ್ರೂ ಮುಟ್ಟಿದ್ಯಾ?"

ನನ್ನ ತಲೆ ಅಲ್ಲಾಡಿತು. ಇಲ್ಲ ಎಂದು ತಿಳಿದುಕೊಳ್ಳಬಹುದಾದ ಹಾಗೆ.

"ತೇವಕ್ಕೆ ಅಳಿಸಿರ್ಬೇಕು. ಒಳ್ಳೆ ಪೆನ್ಸಿಲ್ ತರ್ಬೇಕಿತ್ತು, ನಂದೇ ತಪ್ಪು. ಇಟ್ಟಲ್ಲೇ ಇವೆಯಲ್ಲ, ಪರವಾಗಿಲ್ಲ" ಎಂದರು.

ಅಂದಿನಿಂದ, ಒಳಗಿನ ಮರಿ ಬದುಕಿದೆಯೇ ಎಂದು ಮೊಟ್ಟೆ ಎತ್ತಿ ಟಾರ್ಚ್ ಹಿಡಿದು ನೋಡುವುದನ್ನು ಬಿಟ್ಟರು. ಗುರುತಿಲ್ಲದ್ದನ್ನು ಮುಟ್ಟಲು ಅವರಿಗೆ ಭಯ. ದಿನಾ ಬಂದು ಬಿಸಿ ನೋಡುವರು, ನೀರು ಚಿಮುಕಿಸುವರು. ಒಂದೊಂದೇ ಮೊಟ್ಟೆ ಹಳದಿಯಾಗಿ ಬದಿಯಲ್ಲಿ ಕುಸಿಯಿತು. "ಮರಿ ಬರೋ ಮುಂಚೆ ಸ್ವಲ್ಪ ಕುಸಿಯೋದು ಇದ್ದಿದ್ದೇ" ಎನ್ನುವರು. ನಾನು ಬಕೆಟ್ಟಿನ ನೀರು ನೋಡುತ್ತಿದ್ದೆ.

ಐವತ್ತನೆಯ ದಿನ ಇಪ್ಪತ್ತೆರಡು ಪ್ಲಾಸ್ಟಿಕ್ ಡಬ್ಬಿ ತಂದರು. ಮರಿಗೊಂದು. ಮುಚ್ಚಳಗಳಿಗೆ ಗಾಳಿಯ ತೂತು ಮಾಡಲು ನನ್ನನ್ನು ಕೂರಿಸಿದರು. ಅವರು ಮೊಳೆ ಕಾಯಿಸಿ ಕೊಡುವುದು, ನಾನು ಚುಚ್ಚುವುದು.

"ಹುಟ್ಟಿದ ತಕ್ಷಣ ಕಚ್ಚೋಕೆ ಬರ್ತವೆ, ವಿಷ ಇಲ್ದಿದ್ರೂ ಪೊಗರು ನೋಡು. ಮೊದಲ್ನೇದಕ್ಕೆ ನಿನ್ನ ಹೆಸ್ರೇ ಇಡೋಣ. ನಿನ್ನ ಬದ್ಲು ಅದಾದ್ರೂ ಬಾಯಿ ತೆಗೀಲಿ."

ಒಂಬತ್ತನೆಯ ಮುಚ್ಚಳಕ್ಕೆ ನನ್ನ ಕೈ ನಿಂತಿತು.

"ಮಾವ, ನಾನು ಒರೆಸಿದೆ."

"ಏನನ್ನ?"

"ಮೊಟ್ಟೆ. ಬೂಷ್ಟು ಇತ್ತು. ತಿರುಗಿಸಿ ಒರೆಸಿದೆ."

"ಎಷ್ಟು?"

"ಎಲ್ಲಾ."

ಮಾವ ಮೊಳೆಯನ್ನು ನೀರಿಗೆ ಹಾಕಿದರು. ಅದು ಚುರ್ ಎಂದಿತು. ಎದ್ದು ಹಿಂದಿನ ಕೋಣೆಗೆ ಹೋದರು. ಸ್ವಿಚ್ಚು ಆರಿಸಿದ ಸದ್ದು ಕೇಳಿತು. ಐವತ್ತು ದಿನ ಗುಂಯ್ ಎನ್ನುತ್ತಿದ್ದ ಪೆಟ್ಟಿಗೆ ಸುಮ್ಮನಾಯಿತು. ನಾನು ಬಾಯಿ ತೆರೆಯುವವರೆಗೆ ಮರಿಗಳು ಅವರ ಪಾಲಿಗೆ ಬದುಕಿದ್ದವು.

ಬಾಗಿಲಿಗೆ ಬಂದು ನಿಂತು, ನನ್ನನ್ನು ನೋಡದೆ ಹೇಳಿದರು: "ದೊಡ್ಡಮ್ಮ ಇನ್ನೂ ತಿಂದಿಲ್ಲ. ಹೋಗಿ ಗೂಡು ಇನ್ನೊಂದ್ಸಲ ತೊಳಿ."

ಬಕೆಟ್ಟು ಹಿಡಿದು ಹೋದೆ. ಈ ಐವತ್ತು ದಿನದಲ್ಲಿ ಎಂಟು ಸಲ ತೊಳೆದಿದ್ದ ಮೂಲೆಯಲ್ಲೇ ಅದು ಸುರುಳಿ ಸುತ್ತಿತ್ತು. ನಡುವೆ ಬರಿಯ ನೆಲ. ಬೆನ್ನಿನ ಮೂಳೆ ಎದ್ದಿತ್ತು. ಬಾಗಿಲ ಹೊರಗೆ ಮಂಡಿಯೂರಿ ಕುಳಿತು ಉದ್ದ ಕೋಲಿನ ಬ್ರಷ್ಷು ಒಳಗೆ ಚಾಚಿದೆ. ಅದು ತಲೆಯೆತ್ತಲಿಲ್ಲ, ಬಿಟ್ಟು ಬಿಟ್ಟು ನಡುಗುತ್ತಲೇ ಇತ್ತು. ನಾನು ಅದರ ಸುತ್ತಲೂ ಉಜ್ಜಿದೆ.