ಹಗ್ಗದ ಆ ತುದಿ

ಗಾಳಿ ತಾನಾಗಿಯೇ ಮೂಗಿನೊಳಕ್ಕೆ ನುಗ್ಗುತ್ತಿದೆ, ನಾನು ಎಳೆದುಕೊಂಡದ್ದಲ್ಲ, ಯಾರೋ ತುರುಕಿದ ಹಾಗೆ, ರಬ್ಬರಿನ ವಾಸನೆ, ಮಾಸ್ಕಿನ ಪಟ್ಟಿ ಕೆನ್ನೆಯನ್ನು ಕಚ್ಚಿ ಹಿಡಿದಿದೆ — ಮಟಮಟ ಮಧ್ಯಾಹ್ನ, ಕಿಟಕಿ ತೆರೆದೇ ಇದೆ, ಆದರೂ ಗೋಡೆಗಳು ಒಂದೊಂದು ಮೊಳ ಒಳಗೆ ಸರಿದಂತಿವೆ. ಆಸ್ಪತ್ರೆಯ ನರ್ಸಮ್ಮ ಹೇಳಿದ್ದಳು, ತಾತ, ಮೊದಲು ಹಗಲು ಹೊತ್ತು ಕುರ್ಚೀಲಿ ಕೂತು ರೂಢಿ ಮಾಡ್ಕೊಳ್ಳಿ, ಈ ಯಂತ್ರ ಉಸಿರು ಕಟ್ಟಿಸೋದಲ್ಲ, ನಿದ್ದೇಲಿ ನಿಂತುಹೋಗೋ ಉಸಿರನ್ನ ನಡೆಸೋದು. ಹೇಳುವುದಕ್ಕೇನು, ಅವಳ ಮೂತಿಗೆ ಕಟ್ಟಿದ್ದಾರೆಯೇ. ಮೂಗಿಂದ ಕೊಳವೆ ಇಳಿಬಿಟ್ಕೊಂಡು ಒಳ್ಳೆ ಆನೆ ಥರ ಕಾಣ್ತೀರಿ, ಬಾಳೆಹಣ್ಣು ಕೊಡ್ಲಾ ಎಂದಳು ನನ್ನ ಹೆಂಡತಿ, ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು, ನನ್ನ ಮಣಿಕಟ್ಟಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಹಿಡಿದು. ಹಗ್ಗ ನನ್ನದೇ ಹಟ. ಎಣ್ಣೆ ಕಾರ್ಖಾನೆಯ ಟ್ಯಾಂಕಿಗೆ ಇಳಿದು ಜಿಡ್ಡು ಕೆರೆಯುತ್ತಿದ್ದ ನಮಗೆ ಹಗ್ಗವೇ ಬಾಯಿ, ಒಂದು ಸಲ ಎಳೆದರೆ ಚೆನ್ನಾಗಿದ್ದೇನೆ, ಎರಡು ಸಲ ಎಳೆದರೆ ಮೇಲಕ್ಕೆ ತೆಗೆ. ಕೈ ಇದೆಯಲ್ಲ, ನೀವೇ ಬಿಚ್ಕೊಳ್ಳಿ ಎಂದಳು. ಬಿಚ್ಚಬಹುದು, ನಿನ್ನೆ ಮೊನ್ನೆಯೆಲ್ಲ ಹಾಕಿದ ಕೂಡಲೇ ಕಿತ್ತೆಸೆದದ್ದೇ ಅಲ್ಲವೇ, ಹೊರಗೊಬ್ಬರು ಹಿಡಿದಿದ್ದಾರೆ ಎಂದರೆ ಮಾತ್ರ ನಾನು ಒಳಗೆ ನಿಲ್ಲಬಲ್ಲೆ. ಸರಿ ಮೇಸ್ತ್ರಿಗಳೇ ಎಂದಳು. ಆ ಕಾಲದಲ್ಲಿ ಹಾಗೇ ಹಿಡಿದಿದ್ದ ಜೊತೆಗಾರ ಉದ್ದಣ್ಣ — ಟ್ಯಾಂಕಿನ ತಳ, ಮೇಲೆ ತಟ್ಟೆಯಷ್ಟಗಲ ಬೆಳಕು, ಘಾಟು ಗಂಟಲಿಗೆ ಹತ್ತಿತು, ಎರಡು ಸಲ ಎಳೆಯುತ್ತೇನೆ, ಹಗ್ಗ ಬಿಗಿಯುವುದಿಲ್ಲ, ಸುರುಸುರು ಜಾರಿ ಬಂದು ಆ ತುದಿ ನನ್ನ ತಲೆಯ ಮೇಲೇ ಬೀಳುತ್ತದೆ. ಬೀಡಿ ಎರಡೇ ದಮ್ಮು ಎಳ್ಕೊಂಡು ಬಂದೆ ಕಣಯ್ಯ, ಅಷ್ಟರಲ್ಲಿ ನಿಂಗೇನು ಅವಸರ ಎಂದ ಆಮೇಲೆ, ನನ್ನನ್ನು ಹೊರಗೆ ಮಲಗಿಸಿ ನೀರು ಚಿಮುಕಿಸುತ್ತ.

ಇವಳು ಹಾಗಲ್ಲ. ರಾತ್ರಿಯೆಲ್ಲ ನನ್ನ ಉಸಿರಿಗೆ ಕಿವಿಗೊಟ್ಟು, ನಿಂತಾಗಲೆಲ್ಲ ಮೊಣಕೈಯಿಂದ ತಿವಿದು ಎಬ್ಬಿಸಿ, ಎಷ್ಟು ತಿಂಗಳಾಯಿತೋ ಇವಳು ನೆಟ್ಟಗೆ ಕಣ್ಣು ಮುಚ್ಚಿ, ಹೋದ ತಿಂಗಳು ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ ಮುಂಗೈ ಸುಟ್ಟುಕೊಂಡಳು, ನಾನೂ ಮಲಗಿದ್ರೆ ನಿಮ್ಮನ್ನ ಯಾರು ಎಬ್ಬಿಸ್ತಾರೆ ಎಂದಳು, ಬಯ್ಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಅದಕ್ಕೇ ಈ ಯಂತ್ರ, ಅದಕ್ಕೇ ಈ ಕುರ್ಚಿ. ಗಾಳಿ ಜೋರಾಯಿತೇ, ಕಾಲ ಕೆಳಗೆ ಜಿಡ್ಡು, ಇಲ್ಲ, ಜಿಡ್ಡಿಲ್ಲ, ಇದು ಮನೆ, ನೆಲ ಒಣಗಿದೆ, ಸಾಕು, ಇನ್ನಾಗದು, ಎರಡು ಸಲ ಎಳೆದುಬಿಡುತ್ತೇನೆ — ಅವಳ ತಲೆ ಭುಜಕ್ಕೆ ವಾಲಿದೆ. ನಿದ್ದೆ. ಕೂತಲ್ಲೇ, ಯಂತ್ರದ ಒಂದೇ ಸಮನೆ ಸದ್ದು ಕೇಳುತ್ತ, ಇವರ ಉಸಿರು ನಡೀತಿದೆ ಎಂದು ನಂಬಿ. ಸುಟ್ಟ ಕೈ ತೊಡೆಯ ಮೇಲಿದೆ, ಬೆರಳುಗಳು ಬಿಚ್ಚಿಕೊಂಡಿವೆ, ಹಗ್ಗ ಅಂಗೈಯಲ್ಲಿ ಸುಮ್ಮನೆ ಕೂತಿದೆ. ಮಾಸ್ಕು ಕಿತ್ತರೆ ಗಾಳಿ ಬುಸ್ಸೆನ್ನುತ್ತದೆ, ಎದ್ದುಬಿಡುತ್ತಾಳೆ, ಎಳೆದರೂ ಎದ್ದುಬಿಡುತ್ತಾಳೆ. ಹೊರಗೆ ಹಿಡಿದವರಿಲ್ಲ. ಅಲುಗಬೇಡ, ಮುದುಕ, ಗಾಳಿ ಬರಲಿ, ಹೋಗಲಿ, ಬರಲಿ, ಅವಳು ಇನ್ನಷ್ಟು ಹೊತ್ತು ಮಲಗಲಿ, ನನ್ನ ಕೈ ನಡುಗುತ್ತಿದೆ, ನಡುಕ ಹಗ್ಗಕ್ಕೆ ಇಳಿಯುತ್ತಿದೆ, ಹಗ್ಗ ಅವಳ ಅಂಗೈಯ ಅಂಚಿಗೆ ಬಂತು, ಬೀಳಲಿಲ್ಲ, ಬಿಚ್ಚಿದ ಬೆರಳುಗಳ ನಡುವೆ ಆ ತುದಿ, ಇನ್ನೂ ಬಿದ್ದಿಲ್ಲ, ಆ ತುದಿ